ಒಂಬತ್ತನೆಯ ಸಾಲು

ನಮ್ಮ ಊರಿನಲ್ಲಿ ಕಾನೂನನ್ನು ಪಾಲಿಸುವುದು ಕಾಲುಗಳು. ಚಾವಡಿಯ ಮುಂದೆ ಎರಡಾಳೆತ್ತರದ ಕರಿಕಲ್ಲು ನಿಂತಿದೆ. ಅದರ ಮೇಲೆ ಊರು ಕಟ್ಟಿದವರು ಕೊರೆಸಿದ ಇಪ್ಪತ್ತೆರಡು ಸಾಲುಗಳಿವೆ. ಚಪ್ಪಲಿ ಮೆಟ್ಟಿ ಕೆರೆಯ ಏರಿ ಹತ್ತಬಾರದು ಎಂಬುದು ನಾಲ್ಕನೆಯ ಸಾಲು. ಯಾರಾದರೂ ಮರೆತು ಮೆಟ್ಟಿಕೊಂಡೇ ಹೋದರೆ ಏರಿಯ ಬುಡದಲ್ಲಿ ಅವರ ಕಾಲು ನಿಂತುಬಿಡುತ್ತದೆ, ಚಪ್ಪಲಿ ಬಿಡುವವರೆಗೆ ಮುಂದೆ ಬರುವುದಿಲ್ಲ. ಸಂತೆಯಲ್ಲಿ ತೂಕ ಕಡಿಮೆ ಕೊಟ್ಟವನು ಅಂಗಡಿ ಮುಚ್ಚಿ ಮನೆಗೆ ಹೋಗಲಾರ. ಆ ಗಿರಾಕಿ ಬಂದು ತೂಕ ಸರಿಯಾಗುವವರೆಗೆ ಅಲ್ಲೇ ನಿಂತಿರಬೇಕು. ಹೊರಗಿನಿಂದ ಬರುವ ಶಾಲೆಯ ಮಾಸ್ತರರು ಮೊದಲ ವಾರ ಇದನ್ನು ಕೇಳಿ ನಗುತ್ತಾರೆ, ಎರಡನೆಯ ವಾರ ಏರಿಯ ಬುಡದಲ್ಲಿ ಚಪ್ಪಲಿ ಬಿಡುತ್ತಾರೆ.

ಒಂಬತ್ತನೆಯ ಸಾಲು ಹೀಗಿದೆ: ಹೊರಗೆ ಹುಟ್ಟಿದವರು ಏಳು ವರ್ಷ ಮೀರಿ ಇರಬಾರದು, ಹೋದವರು ಮರಳಬಾರದು. ಮಾಸ್ತರರು, ಕಂಪೌಂಡರರು, ಬಟ್ಟೆ ಅಂಗಡಿಯವರು ಎಲ್ಲರೂ ಏಳು ವರ್ಷ ತುಂಬುವ ದಿನಕ್ಕೆ ಗಂಟು ಕಟ್ಟಿ ಇಟ್ಟುಕೊಂಡಿರುತ್ತಾರೆ. ಸೂರ್ಯ ಏಳುತ್ತಲೂ ಅವರ ಕಾಲು ಮೂಡಣ ದಾರಿಗೆ ತಿರುಗಿ, ನಿಧಾನವಾಗಿ ನಡೆದು, ಗಡಿಯ ಕಂಬವನ್ನು ದಾಟಿಸಿ ಬಿಡುತ್ತದೆ. ನಾವು ರೊಟ್ಟಿ ಕಟ್ಟಿಕೊಟ್ಟು ಕಳಿಸಿ ಬರುತ್ತೇವೆ.

ಕಲ್ಲಿನ ಮಾತು ಬದಲಾಗಲು ಎರಡು ದಾರಿಗಳಿವೆ. ಒಂದು, ಓದಯ್ಯನದು. ಚಾವಡಿಯ ಕಟ್ಟೆಯ ಮೇಲೆ ಕೂತು ಇಂಥ ಮಾತಿಗೆ ಇಂಥ ಅರ್ಥ ಎಂದು ಓದಯ್ಯ ಓದಿದರೆ, ಅದನ್ನು ಓದಿನ ಪುಸ್ತಕದಲ್ಲಿ ಬರೆದರೆ, ಹದಿನೈದನೆಯ ದಿನ ಸೂರ್ಯ ಏಳುವಾಗ ಆ ಅರ್ಥ ಕಾಲಿಗೆ ಇಳಿಯುತ್ತದೆ. ಅಷ್ಟರೊಳಗೆ ಬೇಕಾದರೆ ಓದನ್ನು ಹಿಂದಕ್ಕೆ ಪಡೆಯಬಹುದು. ಇನ್ನೊಂದು, ಊರಿನದು. ಹತ್ತು ಒಲೆಗಳಲ್ಲಿ ಒಂಬತ್ತರ ಯಜಮಾನರು ಬಂದು ಕಲ್ಲಿನ ಮೇಲೆ ಕೈ ಇಟ್ಟರೆ ಕಲ್ಲು ಉಳಿಯನ್ನು ಒಪ್ಪುತ್ತದೆ. ಆಗ ಕೆಳಗೆ ಹೊಸ ಸಾಲು ಕೊರೆಯಬಹುದು. ಕೆಳಗಿನ ಸಾಲು ಮೇಲಿನದನ್ನು ಮೀರುತ್ತದೆ, ಕೊರೆದು ಮುಗಿದ ಗಳಿಗೆಯಿಂದಲೇ. ಊರು ಹುಟ್ಟಿದಾಗಿನಿಂದ ಹಾಗೆ ಸೇರಿದ್ದು ಮೂರೇ ಸಾಲು. ಓದುಗಳು ಮಾತ್ರ ಪುಸ್ತಕದಲ್ಲಿ ಇನ್ನೂರರ ಮೇಲಿವೆ.

ಆ ಪುಸ್ತಕ ಬರೆಯುವುದು ನನ್ನ ಕೆಲಸ. ನನ್ನ ಹೆಸರು ಭರಮಪ್ಪ. ಹತ್ತೊಂಬತ್ತು ವರ್ಷ ಕಟ್ಟೆಯ ಬರಹಗಾರನಾಗಿದ್ದವನು. ನನ್ನ ಹೆಂಡತಿ ನೀಲವ್ವ ಹೊಳೆಯಾಚೆಯ ಊರಿನವಳು, ಮದುವೆಯಾಗಿ ಬಂದು ಹದಿನಾಲ್ಕು ವರ್ಷ. ಅವಳು ಏಳು ವರ್ಷ ದಾಟಿಯೂ ಇದ್ದದ್ದು ಪುಸ್ತಕದ ಒಂದು ಓದಿನ ಬಲದಿಂದ. ಅರವತ್ತಾರು ವರ್ಷದ ಹಿಂದೆ ಆಗಿನ ಓದಯ್ಯ, ಮದುವೆಯಾಗಿ ಬಂದವಳು ಈ ಊರಿನಲ್ಲಿ ಮತ್ತೆ ಹುಟ್ಟಿದಳೆಂದೇ ತಿಳಿಯತಕ್ಕದ್ದು ಎಂದು ಓದಿದ್ದ. ಅದಕ್ಕೂ ಮೊದಲು ಸೊಸೆಯಂದಿರೂ ಏಳನೆಯ ವರ್ಷ ಮಕ್ಕಳನ್ನು ಬಿಟ್ಟು ನಡೆದುಹೋಗುತ್ತಿದ್ದರು.

ಹಳೆಯ ಓದಯ್ಯ ತೀರಿಕೊಂಡ ಮೇಲೆ ಆ ಜಾಗಕ್ಕೆ ರೇವಣಸಿದ್ದಯ್ಯ ಬಂದರು. ನಲವತ್ತೆರಡರ ವಯಸ್ಸು, ಸಣ್ಣ ಮೈ, ಮಾತು ಕಡಿಮೆ. ಒಬ್ಬರ ಮನೆಯ ಚಹಾ ಕುಡಿದರೆ ಇನ್ನೊಬ್ಬರಿಗೆ ಬೇಸರವಾದೀತೆಂದು ಯಾರ ಮನೆಯಲ್ಲೂ ಕುಡಿಯದವರು. ಮದುವೆಯಾಗಿರಲಿಲ್ಲ. ಊರಾಚೆ ಗಡಿಯ ಕಂಬಕ್ಕೆ ಹತ್ತಿರದ ತೋಟದಲ್ಲಿ ತಾಯಿ ಗುರುಸಿದ್ದವ್ವನೊಡನೆ ಇದ್ದರು. ಆ ತಾಯಿಯೂ ನಲವತ್ತೈದು ವರ್ಷದ ಹಿಂದೆ ಸೊಸೆಯಾಗಿ ಹೊರಗಿನಿಂದ ಬಂದವಳೇ.

ಅವರ ಮುಂದೆ ಬಂದ ಮೊದಲ ದೊಡ್ಡ ಅಹವಾಲು ಸೂಲಗಿತ್ತಿ ಹುಸೇನಬಿಯದು. ಆಕೆ ಬಂದು ಏಳು ವರ್ಷ ತುಂಬಲು ಎರಡು ತಿಂಗಳು ಉಳಿದಿತ್ತು. ಗಂಡ ಸತ್ತವಳು, ಹಿಂದೆ ಮುಂದೆ ಯಾರಿಲ್ಲ. ಈ ಏಳು ವರ್ಷಗಳಲ್ಲಿ ನಮ್ಮ ಊರಿನ ಇನ್ನೂರ ಎಂಬತ್ತು ಹೆರಿಗೆ ಮಾಡಿಸಿದ್ದಳು, ಒಬ್ಬ ಬಾಣಂತಿಯೂ ಸತ್ತಿರಲಿಲ್ಲ. ಐದು ವರ್ಷದ ಹಿಂದೆ ನನ್ನ ಮಗ ಹೊಟ್ಟೆಯಲ್ಲಿ ಅಡ್ಡ ತಿರುಗಿ ನಿಂತಾಗ ಎರಡು ಹಗಲು ನೀಲವ್ವನ ಪಕ್ಕದಿಂದ ಏಳದೆ ಇಬ್ಬರನ್ನೂ ಉಳಿಸಿಕೊಟ್ಟವಳು ಆಕೆ.

ಚಾವಡಿ ತುಂಬ ಜನ ಸೇರಿದ್ದರು. ಹುಸೇನಬಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಅಯ್ಯನೋರ, ಮದುವಿಯಾಗಿ ಬಂದಾಕಿ ಇಲ್ಲೇ ಮತ್ತ ಹುಟ್ಟಿದಂಗ ಅಂತ ನಿಮ್ಮ ಪುಸ್ತಕದಾಗ ಐತಿ. ನನ್ನ ಕೈಯಾಗ ಈ ಊರಿನ ಇಷ್ಟ ಕೂಸು ಹುಟ್ಟ್ಯಾವು. ಅಷ್ಟ ಹುಟ್ಟಿನಾಗ ಒಂದರ ನನ್ನ ಪಾಲಿಗೆ ಬರೂದಿಲ್ಲೇನ್ರಿ?"

ಗಾಣದ ಬಸಲಿಂಗಪ್ಪ ಎದ್ದು ನಿಂತು ಅದಕ್ಕೆ ವಿರೋಧ ಹೇಳಿದ. ಅವನು ಕೆಟ್ಟವನಲ್ಲ. ಬೇಸಿಗೆಯಲ್ಲಿ ಕೆರೆಯ ತೂಬು ಯಾವಾಗ ತೆಗೆಯಬೇಕು, ಯಾರಿಗೆ ಎಷ್ಟು ನೀರು ಎಂಬುದನ್ನೆಲ್ಲ ನೋಡಿಕೊಳ್ಳುವವನು ಅವನೇ. ಇಂದು ಸೂಲಗಿತ್ತಿಗೆ ಹುಟ್ಟು ಸಿಕ್ಕರೆ ನಾಳೆ ಮಾಸ್ತರರು, ನಾಡಿದ್ದು ಅಂಗಡಿಯವರು ಕೇಳುತ್ತಾರೆ, ಕೆರೆ ಒಂದೇ ಇದೆ, ಒಲೆಗಳು ಆಗಲೇ ಮುನ್ನೂರ ನಲವತ್ತಾಗಿವೆ ಎಂದ. ಓದಯ್ಯ ಎಲ್ಲವನ್ನೂ ಕೇಳಿಸಿಕೊಂಡು, ನನ್ನಿಂದ ಹಳೆಯ ಓದನ್ನು ಎರಡು ಸಲ ಓದಿಸಿ, ಮೂರು ದಿನ ಬಿಟ್ಟು ಬನ್ನಿ ಎಂದರು.

ಮೂರನೆಯ ದಿನ ಬೆಳಗ್ಗೆ ಪುಸ್ತಕ ಒಯ್ಯಲು ಅವರ ತೋಟಕ್ಕೆ ಹೋದೆ. ಅವರು ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಕೇಳುವ ಮೊದಲೇ ಹೇಳಿದರು: "ಹುಟ್ಟು ಅನ್ನೂ ಮಾತಿಗೆ ಎಷ್ಟ ಅರ್ಥ ಹಚ್ಚೂಣು, ಭರಮಪ್ಪ? ಇವತ್ತ ನಾ ಕರುಣಾದಿಂದ ಹಿಗ್ಗಿಸಿದ್ರ ನಾಳೆ ಇಲ್ಲಿ ಕುಂಡ್ರಾಂವ ಸಿಟ್ಟಿನಿಂದ ಕುಗ್ಗಸ್ತಾನ. ಕಲ್ಲು ಕೊರದವರಿಗೆ ಹುಟ್ಟು ಅಂದ್ರ ತಾಯಿ ಹೊಟ್ಟೀಲಿಂದ ಹುಟ್ಟೂದ. ಬ್ಯಾರೆ ಬೇಕಂದ್ರ ಊರು ಕೈ ಇಟ್ಟು ಬರಸಲಿ."

ಹಾಗಾದರೆ ಸೊಸೆಯಂದಿರ ಗತಿ ಏನು ಎಂದೆ. ಅರವತ್ತಾರು ವರ್ಷ ಜನ ಆ ಓದನ್ನು ನಂಬಿ ಹೆಣ್ಣು ತಂದಿದ್ದಾರೆ, ಮನೆ ಕಟ್ಟಿದ್ದಾರೆ ಎಂದೆ. ಅದು ತಪ್ಪು ಓದು, ಆದರೆ ಹಳೆಯದು ಎಂಬ ಕಾರಣಕ್ಕೆ ಅದನ್ನಿಟ್ಟುಕೊಂಡು, ಹುಸೇನಬಿಗೆ ಮಾತ್ರ ಇಲ್ಲ ಎಂದರೆ ತಾನು ಯಾವ ಮುಖದಿಂದ ಕಟ್ಟೆಯ ಮೇಲೆ ಕೂರಲಿ ಎಂದು ಅವರು ಕೇಳಿದರು. ಆಮೇಲೆ, "ನಮ್ಮವ್ವ ಒಳಗ ಅಡಿಗಿ ಮಾಡಾಕತ್ತಾಳ. ಅದನ್ನ ಮರತೀನಿ ಅಂತ ತಿಳೀಬ್ಯಾಡ" ಎಂದರು.

ಆ ಮಧ್ಯಾಹ್ನ ಅವರು ಹಾಗೆಯೇ ಓದಿದರು. ಹುಟ್ಟು ಎಂದರೆ ಹುಟ್ಟು. ನಾನು ಬರೆದುಕೊಂಡೆ. ಹತ್ತೊಂಬತ್ತು ವರ್ಷಗಳಲ್ಲಿ ಅಕ್ಷರ ಸೊಟ್ಟಗಾದದ್ದು ಅಂದೇ. ಹದಿನೈದನೆಯ ದಿನ ಸೂರ್ಯ ಏಳುವಾಗ, ಏಳು ವರ್ಷ ದಾಟಿದ ಇನ್ನೂರ ಹದಿನಾಲ್ಕು ಹೆಂಗಸರ ಕಾಲು ಮೂಡಣ ದಾರಿ ಹಿಡಿಯುವುದಿತ್ತು. ಚಾವಡಿಯಲ್ಲಿ ಯಾರೂ ಕೂಗಾಡಲಿಲ್ಲ. ಗುರುಸಿದ್ದವ್ವ ಹಿಂದಿನ ಸಾಲಿನಿಂದ ಎದ್ದು, ಮಗನತ್ತ ಒಮ್ಮೆ ನೋಡಿ, ತೋಟದ ಕಡೆ ನಡೆದಳು.

ಮನೆಗೆ ಬಂದಾಗ ನೀಲವ್ವ ಜೋಳ ಹಸನು ಮಾಡುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಪಡಸಾಲೆಯಲ್ಲಿದ್ದ ನನ್ನ ಅಪ್ಪ ಫಕೀರಪ್ಪ ಮಾತು ತೆಗೆದ. ಅಪ್ಪನಿಗೆ ಎಪ್ಪತ್ತೆರಡು. ಅವನು ಐದು ವರ್ಷದವನಿದ್ದಾಗ ಅವನ ತಾಯಿಗೆ ಏಳು ವರ್ಷ ತುಂಬಿತು. ಹೊಸ ಸಾಲು ಬರೆಸಲು ಊರು ಕೈ ಕೂಡಿಸಿ ಹನ್ನೆರಡು ಕೈ ಕಡಿಮೆ ಬಿದ್ದಿತ್ತು. ತಾಯಿ ನಡೆದಳು, ಅವನು ಸೆರಗು ಹಿಡಿದು ಕಂಬದವರೆಗೆ ಹೋದ. ಮರುವರ್ಷ ಆಗಿನ ಓದಯ್ಯ ಮತ್ತೆ ಹುಟ್ಟಿದಳೆಂದು ಓದಿದ. ಆ ಓದು ಉಳಿದವರನ್ನು ಉಳಿಸಿತು, ಹೋದವರನ್ನು ಕರೆತರಲಿಲ್ಲ. ಅಪ್ಪನ ತಾಯಿ ಹೊರಗೇ ಇದ್ದು ಹೊರಗೇ ಸತ್ತಳು. ಇದನ್ನೆಲ್ಲ ನಾನು ಚಿಕ್ಕಂದಿನಿಂದ ಬೇರೆಯವರ ಬಾಯಲ್ಲಿ ಕೇಳಿದ್ದೆ, ಅಪ್ಪ ಎಂದೂ ಹೇಳಿರಲಿಲ್ಲ.

"ನಮ್ಮವ್ವನ ಕಾಲು ಒಬ್ಬನ ಬಾಯಾಗ ಇತ್ತು, ತಮ್ಮಾ," ಎಂದ ಅಪ್ಪ. "ಅಂವ ಒಂದ ವರ್ಷ ತಡಾ ಮಾಡಿ ಬಾಯಿ ತಗದ. ಈಗ ನಿನ್ನ ಹೇಣ್ತಿ ಕಾಲು ಮತ್ತೊಬ್ಬನ ಬಾಯಾಗ ಐತಿ. ಈ ಸಲ ಕಲ್ಲಿನ ಮ್ಯಾಲ ಬರಸ್ರಿ."

ನೀಲವ್ವ ಮೊರ ಕೆಳಗಿಟ್ಟು, ಆ ಓದು ಇರದಿದ್ದರೆ ತಾನು ಏಳು ವರ್ಷದ ಹಿಂದೆಯೇ ಹೋಗುತ್ತಿದ್ದೆ, ಮಗ ಹುಟ್ಟುತ್ತಲೇ ಇರಲಿಲ್ಲ, ಮಾವ ಅದನ್ನೂ ನೆನೆಯಬೇಕು ಎಂದಳು. ಅಪ್ಪ ತಲೆ ಆಡಿಸಿದ. ಅದೂ ಖರೆ ಎಂದ.

ಮುನ್ನೂರ ನಲವತ್ತು ಒಲೆಗಳಲ್ಲಿ ಮುನ್ನೂರ ಆರು ಕೈ ಬೇಕು. ಮರುದಿನವೇ ಎರಡು ಸಾಲುಗಳು ಹೊರಟವು. ಬಸಲಿಂಗಪ್ಪನಿಗೂ ಹೊರಗಿನ ಸೊಸೆ ಇದ್ದಳು. ಅವನು, ಸೊಸೆಯಾಗಿ ಬಂದವಳು ಊರವಳು ಎಂದು ಬರೆಸೋಣ, ಇದಕ್ಕೆ ಯಾರದೂ ತಕರಾರಿರುವುದಿಲ್ಲ ಎಂದ. ಹುಸೇನಬಿಗೂ ಜಾಗವಿರಲಿ ಎನ್ನುವವರು ಇನ್ನೊಂದು ಸಾಲು ಕಟ್ಟಿದರು: ಏಳು ವರ್ಷದವರು ನಮ್ಮವರು. ಎಂದರೆ ಇಲ್ಲಿ ಏಳು ವರ್ಷ ಬಾಳಿದವರೆಲ್ಲ ಊರವರೇ. ಒಂದು ಒಲೆ ಒಂದೇ ಸಾಲಿಗೆ ಕೈ ಇಡಬೇಕು. ಬಸಲಿಂಗಪ್ಪ ತನ್ನ ಸಾಲನ್ನು ಚೆಂದ ಅಕ್ಷರದಲ್ಲಿ ಬರೆದುಕೊಡು ಎಂದು ನನ್ನಲ್ಲಿಗೆ ಬಂದ. ಬರೆದುಕೊಟ್ಟೆ. ನಾಲ್ಕು ದಿನದಲ್ಲಿ ಅದಕ್ಕೆ ನೂರ ತೊಂಬತ್ತು ಕೈಗಳಾದವು. ನನಗೆ ನಿದ್ದೆ ಬರತೊಡಗಿತು.

ಐದನೆಯ ದಿನ ಅದರ ಇನ್ನೊಂದು ಪ್ರತಿ ನೀಲವ್ವನಿಗೆ ನನ್ನ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಅವಳು ಓದಬಲ್ಲವಳು. ಇದು ನಿಮ್ಮ ಅಕ್ಷರ ಎಂದಳು. ಹೌದು, ಇದು ಖಂಡಿತ ಆಗುವ ಸಾಲು, ಇನ್ನೊಂದು ಆಗದೆ ಹೋಗಬಹುದು, ನಿನ್ನ ಕಾಲನ್ನು ಜೂಜಿಗಿಡಲಾರೆ ಎಂದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಮುಂದಿಟ್ಟಳು.

"ಆಕೀನ ಹೊರಗ ಕಳಿಸಿ ನನ್ನ ಒಳಗ ಇಡೂ ಸಾಲು ಇದು. ಮತ್ತ ಸೊಸಿ ಅನ್ನೂದು ನಿಮ್ಮ ಮನೀ ಮಾತು. ನಾಳೆ ನೀವು ನನ್ನ ಮನೀಲಿಂದ ಹೊರಗ ಹಾಕಿದ್ರ ಊರೂ ಹೊರಗ ಹಾಕಬೇಕೇನು?"

ನಾನು ನಿನ್ನನ್ನು ಹೊರಗೆ ಹಾಕುತ್ತೇನೆಯೇ ಎಂದೆ. ನೀವು ಹಾಕುವುದಿಲ್ಲ, ಹಾಕುವ ಮನೆಗಳು ಈ ಓಣಿಯಲ್ಲೇ ಮೂರಿವೆ ಎಂದು ಆ ಮೂರರ ಹೆಸರನ್ನೂ ಹೇಳಿದಳು. ನನಗೆ ಸಿಟ್ಟು ಬಂತು. ನಿನಗೆ ಮಗನಿಗಿಂತ ಸೂಲಗಿತ್ತಿ ಹೆಚ್ಚಾದಳೇ ಎಂದುಬಿಟ್ಟೆ. ಅವಳು ಕೊಡ ತೆಗೆದುಕೊಂಡು ನೀರಿಗೆ ಹೋದಳು. ಆ ಮಾತನ್ನು ಇಂದಿಗೂ ನಾನು ನುಂಗಿಕೊಳ್ಳಲಾರೆ.

ಅದೇ ದಿನ ಬಟ್ಟೆ ಒಗೆಯುವ ಮೆಟ್ಟಿಲುಗಳ ಮೇಲೆ ಹೊರಗಿನ ಸೊಸೆಯಂದಿರು ಒಂದಾಗಿ ಮಾತಾಡಿಕೊಂಡರು. ಅವರ ಕೈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಒಬ್ಬೊಬ್ಬರ ಮನೆಯಲ್ಲೂ ಕೈ ಇಡುವ ಯಜಮಾನನೊಬ್ಬ ಇದ್ದ. ನಮ್ಮ ಹೆಸರಿನಲ್ಲಿ ಹುಸೇನಬಿಯನ್ನು ಕಳಿಸಬೇಡಿ ಎಂದು ಪ್ರತಿಯೊಬ್ಬಳೂ ತನ್ನ ಮನೆಯಲ್ಲಿ ಹೇಳಿದಳು. ಕೆಲವು ಮನೆಗಳಲ್ಲಿ ಒಂದು ಮಾತಿಗೆ ಒಪ್ಪಿದರು, ಕೆಲವು ಮನೆಗಳಲ್ಲಿ ಜಗಳವಾಯಿತು. ಇಟ್ಟ ಕೈಯನ್ನು ಹಿಂದೆಗೆದುಕೊಂಡು ಇನ್ನೊಂದು ಸಾಲಿಗೆ ಇಡುವವರು ದಿನಾ ಬರತೊಡಗಿದರು. ಕಲ್ಲಿನ ಬುಡದಲ್ಲಿ ಒಲೆಗೊಂದರಂತೆ ಸುಣ್ಣದ ಗೆರೆ ಎಳೆಯುವವನು ನಾನೇ. ನಮ್ಮ ಮನೆಯ ಕೈ ಅಪ್ಪನದು, ಅದು ಮೊದಲ ದಿನವೇ ಏಳು ವರ್ಷದವರ ಸಾಲಿಗೆ ಬಿದ್ದಿತ್ತು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಏಳು ವರ್ಷದವರ ಸಾಲಿನ ಗೆರೆಗಳು ಮುನ್ನೂರ ಮೂರಕ್ಕೆ ನಿಂತವು. ನಾನು ತೋಟಕ್ಕೆ ಹೋಗಿ ರೇವಣಸಿದ್ದಯ್ಯನವರ ಮುಂದೆ ಕೂತೆ. ಓದನ್ನು ಹಿಂದಕ್ಕೆ ಪಡೆಯಿರಿ, ಇನ್ನೊಂದು ತಿಂಗಳು ಕೊಟ್ಟರೆ ಮೂರು ಕೈ ಸಿಗುತ್ತವೆ ಎಂದೆ. ಹಿಂದಕ್ಕೆ ಪಡೆದರೆ ಬಂದ ಮುನ್ನೂರ ಮೂರೂ ಮನೆಗೆ ಹೋಗುತ್ತವೆ, ಊರು ಮತ್ತೆ ಅರವತ್ತು ವರ್ಷ ಮಲಗುತ್ತದೆ ಎಂದರು ಅವರು. ಗುರುಸಿದ್ದವ್ವ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. "ನನ್ನ ಕಾಲಿಗೆ ಅಂಜಿ ಓದಬ್ಯಾಡ, ನನ್ನ ಕಾಲಿಗೆ ಅಂಜಿ ಬಿಡಬ್ಯಾಡ," ಎಂದಳು ಮಗನಿಗೆ. "ನಿನಗ ಕೈ ಐತಿ ಅನ್ನೂದನ್ನರ ನೆನಪಿಟ್ಟಗೋ."

ಓದಯ್ಯನಾದವನು ಕಲ್ಲಿನ ಮೇಲೆ ಕೈ ಇಡುವಂತಿಲ್ಲ. ಇಡಬೇಕಾದರೆ ಕಟ್ಟೆ ಬಿಡಬೇಕು. ಅವರು ಎದ್ದು, ರುಮಾಲು ಸುತ್ತಿಕೊಂಡು, ನನ್ನೊಡನೆ ಚಾವಡಿಗೆ ಬಂದರು. ಚಾವಡಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಕಲ್ಲಿನ ಮೇಲೆ ಕೈ ಇಟ್ಟು, ಹೊರಟುಹೋದರು. ಮುನ್ನೂರ ನಾಲ್ಕು. ಕಟ್ಟೆ ಖಾಲಿಯಾದರೆ ಬೇರೆಯವರನ್ನು ಆರಿಸುವವರೆಗೆ ಬರಹಗಾರನೇ ಓದಯ್ಯ. ಒಂದು ಗಳಿಗೆಯಲ್ಲಿ ನೀಲವ್ವನ ಕಾಲು ನನ್ನ ಬಾಯಿಗೆ ಬಂತು. ಬೆಳಗ್ಗೆ ಸೂರ್ಯ ಏಳುವ ಮೊದಲು ಹಿಂದಿನ ಓದನ್ನು ಹಿಂದಕ್ಕೆ ಪಡೆದೆ ಎಂದು ನಾನು ಅಂದರೆ ಸಾಕು.

ಸಂಜೆ ಇದನ್ನು ನೀಲವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಮಗನ ಹರಿದ ಚಡ್ಡಿಗೆ ಹೊಲಿಗೆ ಹಾಕುತ್ತ ಕೂತಿದ್ದಳು. "ನೀವು ಓದಿದ್ರ ನಾ ಉಳೀತೇನಿ. ನಿಮ್ಮ ಹಿಂದ ಬರಾಂವ ಏನ ಓದ್ತಾನೋ ಗೊತ್ತಿಲ್ಲ. ಓದ್ರಿ ಅಂತನೂ ಹೇಳೂದಿಲ್ಲ, ಬ್ಯಾಡ ಅಂತನೂ ಹೇಳೂದಿಲ್ಲ. ನನ್ನ ಬಾಯಿಲೆ ಹೇಳಸಬ್ಯಾಡ್ರಿ." ನಾನು ಓದುವುದೆಂದೇ ನಿಶ್ಚಯಿಸಿ ಮಲಗಿದೆ.

ಬೆಳಗ್ಗೆ ಕತ್ತಲು ಹರಿಯುವ ಹೊತ್ತಿಗೆ ಊರೆಲ್ಲ ಚಾವಡಿಯ ಮುಂದಿತ್ತು. ಹೆಂಗಸರು ಒಂದೊಂದು ಗಂಟು ಹಿಡಿದು ದಾರಿಯ ಬದಿಗೆ ನಿಂತಿದ್ದರು. ಕಲ್ಲುಕುಟಿಗ ತಿರಕಪ್ಪ ಉಳಿ ಸುತ್ತಿಗೆ ಇಟ್ಟುಕೊಂಡು ಕಲ್ಲಿನ ಬುಡದಲ್ಲಿ ಕೂತಿದ್ದ. ನಾನು ಕಟ್ಟೆ ಹತ್ತಿ ಪುಸ್ತಕ ಬಿಚ್ಚಿದೆ. ಕೈ ಇಡದ ಮೂವತ್ತಾರು ಮನೆಯವರೂ ಬಂದಿದ್ದರು, ಆದರೆ ಒಬ್ಬರೂ ಕಲ್ಲಿನ ಕಡೆ ಸುಳಿಯಲಿಲ್ಲ. ಎಲ್ಲರ ಮುಖದಲ್ಲೂ ಒಂದು ನಿರಾಳವಿತ್ತು. ಬಸಲಿಂಗಪ್ಪ ಕಟ್ಟೆಯ ಹತ್ತಿರ ಬಂದು ಕೆಳದನಿಯಲ್ಲಿ, "ಭರಮಪ್ಪ, ಹೆಂಗೂ ನೀ ಓದಾಂವ. ಮತ್ತ ನಮ್ಮ ಕೈ ಯಾಕ ಬೇಕು? ಲಗೂನ ಓದಿ ಮುಗಸು, ಹೆಣಮಕ್ಕಳು ಮನಿಗಿ ಹೋಗಲಿ" ಎಂದ.

ಅವನು ನನ್ನ ಮೇಲಿನ ವಿಶ್ವಾಸದಿಂದಲೇ ಹಾಗೆ ಹೇಳಿದ್ದು. ಆಗ ನನಗೆ ಗೊತ್ತಾಯಿತು, ಆ ಎರಡು ಕೈಗಳನ್ನು ತಡೆದು ನಿಲ್ಲಿಸಿರುವುದು ಕಟ್ಟೆಯ ಮೇಲೆ ಕೂತಿರುವ ನಾನೇ ಎಂದು. ನಾನು ಓದುತ್ತೇನೆಂಬ ಭರವಸೆ ಇರುವವರೆಗೆ ಅವು ಬರುವುದಿಲ್ಲ. ಇವತ್ತು ಬರಲಿಲ್ಲವೆಂದರೆ ಮುಂದೆಯೂ ಬರುವುದಿಲ್ಲ. ಓದಿನ ಪುಸ್ತಕದಲ್ಲಿ ದಿನಕ್ಕೊಂದು ಹಾಳೆ. ಹಾಳೆಯ ಮೇಲೆ ಅಡ್ಡ ಗೆರೆ ಎಳೆದರೆ ಆ ದಿನ ಓದಿಲ್ಲ ಎಂದರ್ಥ, ಮತ್ತೆ ಅದನ್ನು ತೆರೆಯುವಂತಿಲ್ಲ. ನಾನು ನೀಲವ್ವನ ಕಡೆ ನೋಡಿದೆ. ಅವಳು ಮಗನಿಗೆ ಏನೋ ಹೇಳುತ್ತಿದ್ದಳು, ನನ್ನನ್ನು ನೋಡಲಿಲ್ಲ. ಪೆನ್ನು ತೆಗೆದು ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಹಾಳೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಇವತ್ತು ಓದಿಲ್ಲ ಎಂದೆ.

ಬಸಲಿಂಗಪ್ಪ ನನ್ನನ್ನೇ ನೋಡುತ್ತ ನಿಂತ. ಆಮೇಲೆ ತಿರುಗಿ ತನ್ನ ಸೊಸೆಯನ್ನು ನೋಡಿದ. ಹೋಗಿ ಕಲ್ಲಿನ ಮೇಲೆ ಕೈ ಇಟ್ಟ. "ಕೆರಿ ನೀರು ಸಾಲೂದಿಲ್ಲ ಅಂತ ನಾ ಇವತ್ತೂ ಅಂತೀನಿ," ಎಂದ, "ಆದ್ರೂ ಬರಕೋ." ನಾನು ಗೆರೆ ಎಳೆದೆ. ಅಷ್ಟರಲ್ಲಿ ಸೂರ್ಯನ ಅಂಚು ಕಾಣಿಸಿತು. ಇನ್ನೂರು ಹೆಂಗಸರ ಕಾಲುಗಳು ಒಟ್ಟಿಗೆ ಮೂಡಣಕ್ಕೆ ತಿರುಗಿದ ಸದ್ದು, ಒಣ ಎಲೆಗಳ ಮೇಲೆ ದನಗಳ ಹಿಂಡು ಹೊರಳಿದಂತೆ ಕೇಳಿತು. ಹೆಂಗಸರು ನಡೆಯತೊಡಗಿದರು. ಆಗ ಬಸಲಿಂಗಪ್ಪನ ಭಾವಮೈದ, ಅವನ ಹಿಂದೆ ಇನ್ನೂ ಮೂವರು ಕಲ್ಲಿನ ಕಡೆ ಓಡಿ ಬಂದರು. ಮುನ್ನೂರ ಒಂಬತ್ತು.

ಗಡಿಯ ಕಂಬ ಚಾವಡಿಯಿಂದ ಒಂದು ಹರದಾರಿ, ಎಂದರೆ ಮೂರು ಮೈಲಿ. ಏಳು ವರ್ಷದವರು ನಮ್ಮವರು ಎಂದರೆ ಹನ್ನೊಂದು ಅಕ್ಷರ. ನಾನು ಸುಣ್ಣದ ಕಡ್ಡಿಯಿಂದ ಅಕ್ಷರ ಬರೆಯಬೇಕು, ತಿರಕಪ್ಪ ಅದರ ಮೇಲೆ ಉಳಿ ಆಡಿಸಬೇಕು. ಹೀಗಾಗಿ ನಾನು ನೀಲವ್ವನ ಹಿಂದೆ ಹೋಗುವಂತಿರಲಿಲ್ಲ. ಅವಳಿಗೆ ಬೆನ್ನು ಹಾಕಿ ಕಲ್ಲಿಗೆ ಮುಖ ಮಾಡಿ ಕೂತೆ. ಹುಸೇನಬಿಯ ಏಳು ವರ್ಷ ಇನ್ನೂ ತುಂಬಿರಲಿಲ್ಲ. ಆದರೂ ಆಕೆ ತನ್ನ ಕಾಲಿನಿಂದಲೇ ನೀಲವ್ವನ ಪಕ್ಕ, ನನ್ನ ಮಗನ ಕೈ ಹಿಡಿದು ನಡೆದಳಂತೆ. ತಿರಕಪ್ಪನ ಹಣೆಯ ಬೆವರು ಉಳಿಯ ಮೇಲೆ ಬೀಳುತ್ತಿತ್ತು. ಆಳವಾಗಿ ಕೊರೆಯಬೇಡ, ಗೀರಿದರೂ ಸಾಕು ಎಂದೆ. ಗೀರಿದ್ದು ಕಲ್ಲಿಗೆ ತಿಳಿಯುವುದಿಲ್ಲ ಎಂದ ಅವನು. ನಾಲ್ಕನೆಯ ಅಕ್ಷರ ಒತ್ತಕ್ಷರ, ಅದಕ್ಕೆ ಬಹಳ ಹೊತ್ತು ಹಿಡಿಯಿತು. ಹೆಜ್ಜೆಗಳ ಸದ್ದು ಕೇಳಿಸದಾಯಿತು.

ಕೊನೆಯ ಅಕ್ಷರದ ಕೊನೆಯ ಕೊಂಬು ಮುಗಿದಾಗ ಬಿಸಿಲು ಚಾವಡಿಯ ಮೆಟ್ಟಿಲಿಗೆ ಬಂದಿತ್ತು. ನಾನು ಎದ್ದು ಓಡಿದೆ. ಇಟ್ಟಂಗಿ ಭಟ್ಟಿಯ ಆಚೆ, ಕಂಬಕ್ಕೆ ಕೂಗಳತೆಯಲ್ಲಿ, ಹೆಂಗಸರೆಲ್ಲ ದಾರಿಯ ಮೇಲೆ ಅಲ್ಲಲ್ಲೇ ಕೂತಿದ್ದರು. ಕಾಲು ನಿಂತ ಮರುಗಳಿಗೆ ಎಲ್ಲರೂ ನಿಂತಲ್ಲೇ ಕೂತುಬಿಟ್ಟರಂತೆ. ನೀಲವ್ವ ಧೂಳಿನಲ್ಲಿ ಕಾಲು ಚಾಚಿ ಕೂತಿದ್ದಳು. ಹುಸೇನಬಿ ಅವಳ ಮೀನಖಂಡ ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ನೀಲವ್ವ ನನ್ನ ಬೆರಳಿಗೆ ಅಂಟಿದ್ದ ಸುಣ್ಣವನ್ನು ನೋಡಿ, ತನ್ನ ಸೆರಗಿನಿಂದ ಒರೆಸಿದಳು.

ಆದರೆ ಒಬ್ಬಳು ದಾಟಿಹೋಗಿದ್ದಳು. ಗುರುಸಿದ್ದವ್ವ ಅಂದು ಚಾವಡಿಗೆ ಬಂದಿರಲಿಲ್ಲ. ಅವಳ ತೋಟ ಕಂಬದಿಂದ ನೂರೈವತ್ತು ಹೆಜ್ಜೆ. ತಿರಕಪ್ಪ ಎರಡನೆಯ ಅಕ್ಷರ ಕೊರೆಯುವ ಮೊದಲೇ ಅವಳ ಕಾಲು ಗಡಿಯಾಚೆ ಇತ್ತು. ಸಾಲು ಮುಗಿದ ಮೇಲೆ ಮರಳಿ ಬರಲು ನೋಡಿದಳು, ಕಾಲು ಕಂಬದ ಬಳಿ ನಿಂತಿತು. ಹೊಸ ಸಾಲಿನ ಪ್ರಕಾರ ಅವಳು ನಮ್ಮವಳೇ. ಆದರೆ ಒಂಬತ್ತನೆಯ ಸಾಲಿನ 'ಹೋದವರು ಮರಳಬಾರದು' ಎಂಬ ಮಾತು ಹಾಗೇ ಉಳಿದಿತ್ತು. ಹದಿನೈದು ದಿನ ಅಷ್ಟೊಂದು ಮಾತಾಡಿದ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಊರಲ್ಲೇ ಹುಟ್ಟಿದವರಿಗೆ ಈ ಸಾಲು ತಾಕುವುದಿಲ್ಲ. ರೇವಣಸಿದ್ದಯ್ಯ ಗಡಿಯಾಚೆ ತಾಯಿಗೆ ಒಂದು ಚಪ್ಪರ ಹಾಕಿಕೊಟ್ಟು, ಮರುದಿನ ನನ್ನ ಕಟ್ಟೆಯ ಮುಂದೆ ಅಹವಾಲುದಾರರಾಗಿ ನಿಂತರು. ಅವರು ವಾದವನ್ನೇನೂ ಮಾಡಲಿಲ್ಲ. ಅಹವಾಲನ್ನು ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ, "ನಾ ಆ ಕಟ್ಟೀ ಮ್ಯಾಲ ಇದ್ರ ಹಿಗ್ಗಿಸಿ ಓದತಿದ್ದಿಲ್ಲ. ಅದನ್ನ ಹೇಳಿ ಕೇಳಾಕತ್ತೇನಿ" ಎಂದರು. ಮತ್ತೆ ಕೈ ಕೂಡಿಸಲು ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ, ಅವಳಿಗೆ ಅರವತ್ತೈದು ವಯಸ್ಸು, ಚಳಿಗಾಲ ಬಂದಿತ್ತು. ಕಲ್ಲಿನ ಕೆಲಸ ಮುಗಿಯುವವರೆಗೆ ಕಾಯಲಾಗದವರೂ ಇರುತ್ತಾರೆ ಎಂಬುದನ್ನು ಅರವತ್ತಾರು ವರ್ಷದ ಹಿಂದಿನ ಆ ಓದಯ್ಯನೂ ಕಂಡಿದ್ದನೇನೋ. ನಾನು ಓದಿದೆ: ಹೋದವರು ಎಂದರೆ ತಾವಾಗಿ ಹೋದವರು, ಕಾಲು ಒಯ್ದವರು ಹೋದವರಲ್ಲ.

ಜನ ಚದುರಿದ ಮೇಲೂ ಅಪ್ಪ ಕೂತೇ ಇದ್ದ. ನಾನು ಪುಸ್ತಕ ಮುಚ್ಚಿ ಹತ್ತಿರ ಹೋದಾಗ, "ಹಂಗಂದ್ರ ನಮ್ಮವ್ವನೂ ಬರಬಹುದಿತ್ತು" ಎಂದ. ಆಗ ಯಾರಾದರೂ ಹೀಗೆ ಓದಿದ್ದರೆ ಬರಬಹುದಿತ್ತು. ಎರಡು ದಿನ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ನಿನ್ನ ಓದು ಸರಿ ಇರಬಹುದು, ಆದರೆ ಅದನ್ನು ನಿನ್ನ ಬಾಯಲ್ಲೇ ಬಿಟ್ಟು ಸಾಯಬೇಡ ಎಂದು ಹೇಳಿ ಎಲೆ ಅಡಿಕೆ ಕೇಳಿದ.

ಹದಿನೈದನೆಯ ದಿನ ಸೂರ್ಯ ಏಳುವಾಗ ನಾವು ನಾಲ್ಕೈದು ಜನ ಕಂಬದ ಬಳಿ ಇದ್ದೆವು. ಗುರುಸಿದ್ದವ್ವ ಚಾಪೆ ಸುತ್ತಿ, ಬೋಗುಣಿ ತೊಳೆದು ಗಂಟಿಗೆ ಸೇರಿಸಿ, ಬಲಗಾಲನ್ನು ಮುಂದಿಟ್ಟಳು. ಕಾಲು ಬಂತು. ಎಡಗಾಲೂ ಬಂತು. ಮಗ ಗಂಟು ತೆಗೆದುಕೊಳ್ಳಲು ಹೋದರು, ಅವಳು ಕೊಡಲಿಲ್ಲ. ಅವಳು ಮುಂದೆ, ನಾವು ಹಿಂದೆ ನಡೆದೆವು.

ತೋಟದ ತಿರುವಿನಲ್ಲಿ ರೇವಣಸಿದ್ದಯ್ಯ ನನ್ನನ್ನು ನಿಲ್ಲಿಸಿ, ಈ ಮಾತನ್ನು ಕಲ್ಲಿನ ಮೇಲೆ ಬರೆಸಲು ಕೈ ಕೂಡಿಸುವುದು ಯಾವಾಗಿನಿಂದ ಎಂದು ಕೇಳಿದರು. ಸುಗ್ಗಿ ಮುಗಿಯಲಿ ಎಂದೆ. ಅವರು ತಾಯಿಗೆ ನೀ ನಡಿ, ನಾ ಬರ್ತೇನಿ ಎಂದು ಹೇಳಿ, ದಾರಿಯ ಮೊದಲ ಮನೆಯ ಕಡೆ ತಿರುಗಿದರು. ಅದು ಆ ದಿನ ಕೈ ಇಡದೆ ಉಳಿದ ಮೂವತ್ತೊಂದು ಮನೆಗಳಲ್ಲಿ ಒಂದು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಬಾಗಿಲ ಚಿಲಕ ಬಡಿದರು. ಒಳಗಿನಿಂದ ಯಾರು ಎಂದು ಕೇಳಿದರು. ಅವರು ತಮ್ಮ ಹೆಸರು ಹೇಳಿ, ಒಳಗೆ ಬರಬಹುದೇ, ಸಾಧ್ಯವಾದರೆ ಒಂದು ಕಪ್ ಚಹಾ ಕೊಡುತ್ತೀರಾ ಎಂದು ಕೇಳಿದರು.